ಹಳೆಯ ಮೋಟಾರಿನ ವಿಕ್ರಯ

ಮನೆಯಲ್ಲಿ ಬಹುಕಾಲದಿಂದ ಬೆಳೆದುಬಂದ ವಸ್ತುವನ್ನು ಮಾರುವ ಪ್ರಸಂಗವು ಯಾವ ಗೃಹಸ್ಥನಿಗೂ ಸುಲಭವಾದುದಲ್ಲ. ಕರೆಯುವ ಹಸುವನ್ನು ಮಾರಿದ ದಿನ ಮನೆಯವರಿಗೆ ಊಟ ಸೇರುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಬ್ಬಿಣದ ಮೋಟಾರಿನ ವಿಷಯದಲ್ಲಿಯೂ ಈ ಮಾತು ನಿಜವೆಂಬುದನ್ನು ನಾವು ಈಚೆಗೆ ಸ್ವಾನುಭವದಿಂದ ಅರಿತೆವು. ಯಲಹಂಕದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಮೂರು ತಲೆಮಾರುಗಳಿಂದ ಇದ್ದ 1947ರ ಷೆವರ್ಲೆ ಫ್ಲೀಟ್‌ಮಾಸ್ಟರ್ ಬಂಡಿಯನ್ನು ನಾಲ್ಕು ವರ್ಷ ಶ್ರಮಪಟ್ಟು ಸರಿಪಡಿಸಿ, ಕಡೆಗೆ ಪರರ ಕೈಗೆ ಒಪ್ಪಿಸಿದೆವು. ಆ ವ್ಯವಹಾರದಲ್ಲಿ ನಾವು ಕಲಿತ ಸಂಗತಿಗಳು ವಾಚಕರಿಗೂ ಉಪಯುಕ್ತವಾಗಬಹುದೆಂದು ಇಲ್ಲಿ ನಿವೇದಿಸುತ್ತೇವೆ.

ಅಮೆರಿಕದ ಬಂಡಿಯು ನಮ್ಮ ನಾಡಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಜನರಲ್ ಮೋಟಾರ್ಸ್ ಸಂಸ್ಥೆಯವರು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆಯನ್ನು ತೆರೆದು, ಹಡಗಿನಲ್ಲಿ ಬಂದ ಭಾಗಗಳನ್ನು ಅಲ್ಲಿ ಜೋಡಿಸಿ ಮಾರುತ್ತಿದ್ದರು. ನಮ್ಮಲ್ಲಿಯೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬಹಳವಾಗಿ ಪ್ರಯತ್ನಿಸಿದರು. ಉದ್ಯಮಿ ವಾಲಚಂದ ಹೀರಾಚಂದರೂ ಅದಕ್ಕಾಗಿ ಶ್ರಮಿಸಿದರು. ಆದರೆ ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆ ಏಳಲಿಲ್ಲ; ಅದಕ್ಕೆ ಬದಲಾಗಿ 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ಸ್ವಾತಂತ್ರ್ಯಾನಂತರ ಸರ್ಕಾರವು ಪರದೇಶದ ಬಂಡಿಗಳ ಆಮದನ್ನು ಬಿಗಿಗೊಳಿಸಿದ ಮೇಲೆ, 1954ರಲ್ಲಿ ಶಿವಡಿಯ ಜೋಡಣೆಯೂ ನಿಂತಿತು. ಅಲ್ಲಿಂದ ಮುಂದೆ ಇದ್ದ ಬಂಡಿಗಳನ್ನೇ ಜೋಪಾನ ಮಾಡಿ, ತೇಪೆ ಹಾಕಿ, ದಶಕಗಳ ಕಾಲ ಓಡಿಸುವುದು ನಮ್ಮವರಿಗೆ ಅನಿವಾರ್ಯವಾಯಿತು.

ನಮ್ಮ ಬಂಡಿಯ ಚರಿತ್ರೆಯೂ ಇದೇ. ನಮ್ಮ ಪಿತಾಮಹರು ಅದನ್ನು ಬೇರೊಬ್ಬರಿಂದ ಕೊಂಡಾಗ, ಆರು ಸಿಲಿಂಡರುಗಳ, ತೊಂಬತ್ತು ಅಶ್ವಶಕ್ತಿಯ, ಸುಮಾರು ಮೂರೂವರೆ ಲೀಟರು ಗಾತ್ರದ ಪೆಟ್ರೋಲ್ ಎಂಜಿನು ಅದರಲ್ಲಿದ್ದಿತು. 1973ರ ಅಂತ್ಯದಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು ಪೆಟ್ರೋಲಿನ ಬೆಲೆ ಗಗನಕ್ಕೇರಲು, ಆ ಕಾಲದ ಅನೇಕರಂತೆ ನಮ್ಮ ತೀರ್ಥರೂಪರೂ ಮೂಲದ ಎಂಜಿನನ್ನು ತೆಗೆಸಿ ಡೀಸೆಲ್ ಎಂಜಿನನ್ನು ಹಾಕಿಸಿದರು. ಹಳೆಯದನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದನು. ಅಂದು ಅದು ವಿವೇಕದ ಕೆಲಸವೆಂದೇ ಎಲ್ಲರೂ ಹೊಗಳಿದರು.

ತೀರ್ಥರೂಪರು ಗತಿಸಿದ ಮೇಲೆ, ಬಂಡಿಯನ್ನು ಮೊದಲಿನ ಸ್ಥಿತಿಗೆ ತರಬೇಕೆಂಬ ಹಂಬಲ ನಮಗೂ ನಮ್ಮ ತಮ್ಮನಿಗೂ ಉಂಟಾಯಿತು. ಅದೇ ಮಾದರಿಯ ಷೆವರ್ಲೆ ಎಂಜಿನೊಂದು ತಮಿಳುನಾಡಿನ ಒಂದು ಹಳೆಯ ಗ್ಯಾರೇಜಿನಲ್ಲಿ ದೊರೆಯಿತು. ಈ ಎಂಜಿನಿನ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳನ್ನು ಈಗಿನಂತೆ ಅಂಗಡಿಯಿಂದ ತಂದು ಕೂಡಿಸುವಂತಿಲ್ಲ. ಲೋಹವನ್ನು ಕರಗಿಸಿ ಎರೆದು, ಅಳತೆಗೆ ತಕ್ಕಂತೆ ಕೊರೆಯಬೇಕು. ಆ ವಿದ್ಯೆಯನ್ನು ಬಲ್ಲ ವೃದ್ಧ ಕೆಲಸಗಾರರೊಬ್ಬರಿಗಾಗಿ ಎಂಟು ತಿಂಗಳು ಕಾದೆವು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಎಷ್ಟು ಬಾರಿ ಸುತ್ತಿದೆವೆಂಬುದಕ್ಕೆ ಲೆಕ್ಕವಿಲ್ಲ. ಡೀಸೆಲಿಗಾಗಿ ಹನ್ನೆರಡು ವೋಲ್ಟಿಗೆ ಬದಲಾಯಿಸಿದ್ದ ವಿದ್ಯುತ್ ತಂತಿಗಳನ್ನು ತೆಗೆದು ಮತ್ತೆ ಆರು ವೋಲ್ಟಿಗೆ ತಂದೆವು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಕೆಡಿಸುವುದರಿಂದ ಎಣ್ಣೆಯ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಎಂಜಿನು ಬದಲಾದುದನ್ನು ಸಾರಿಗೆ ಕಚೇರಿಯಲ್ಲಿ ತೋರಿಸಿ, ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆಯನ್ನು ಬರೆಯಿಸಿದೆವು.

ಇಷ್ಟೆಲ್ಲ ಮಾಡಿದ ಮೇಲೆ ಮಾರುವುದೇಕೆಂದು ವಾಚಕರು ಕೇಳಬಹುದು. ಬಂಡಿಯು ನಿಂತಲ್ಲೇ ನಿಂತರೆ ಕೆಡುತ್ತದೆ. ಓಡಿಸೋಣವೆಂದರೆ ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿ ಹತ್ತು ನಿಮಿಷದಲ್ಲಿ ನೀರು ಕುದಿಯತೊಡಗುತ್ತದೆ. ತಮ್ಮನ ಮಗಳ ವಿದ್ಯಾಭ್ಯಾಸದ ವೆಚ್ಚವೂ ಎದುರಿಗಿದ್ದಿತು. ಆನೆಯನ್ನು ಸಾಕುವ ಶಕ್ತಿಯಿಲ್ಲದವನು ಅದನ್ನು ಶಕ್ತಿಯುಳ್ಳವರಿಗೆ ಒಪ್ಪಿಸುವುದೇ ಆನೆಗೆ ಮಾಡುವ ಉಪಕಾರವಲ್ಲವೇ?

ಬೆಲೆಯನ್ನು ಕಟ್ಟುವಾಗ ನಾವು ಮೊದಲು ಎಡವಿದೆವು. ಖರ್ಚಿನ ಪುಸ್ತಕವನ್ನು ಕೂಡಿಸಿ, ಅದಕ್ಕೆ ನಮ್ಮ ಶ್ರಮದ ಕೂಲಿಯನ್ನು ಸೇರಿಸಿ, ಬಂದ ಮೊತ್ತವೇ ಬೆಲೆಯೆಂದುಕೊಂಡೆವು. ಕೊಳ್ಳುವವನಿಗೆ ನಮ್ಮ ಖರ್ಚಿನ ಗೊಡವೆಯಿಲ್ಲ. ಬಂಡಿ ಎಷ್ಟರಮಟ್ಟಿಗೆ ಮೂಲದಂತಿದೆ, ತುಕ್ಕು ಎಲ್ಲಿದ್ದಿತು, ಕಾಗದಪತ್ರಗಳು ನೆಟ್ಟಗಿವೆಯೇ ಎಂಬ ಮೂರು ಪ್ರಶ್ನೆಗಳಿಂದಲೇ ಅವನು ಬೆಲೆಯನ್ನು ಅಳೆಯುತ್ತಾನೆ. ಹಾಕಿದ ಹಣ ಹಿಂದಿರುಗುವುದೆಂಬ ನಂಬಿಕೆಯಿಂದ ಹಳೆಯ ಬಂಡಿಯನ್ನು ಯಾರೂ ಸರಿಪಡಿಸತಕ್ಕದ್ದಲ್ಲ.

ಯಶವಂತಪುರದಿಂದ ನಿವೃತ್ತ ಎಂಜಿನಿಯರರೊಬ್ಬರು ಬಂಡಿಯನ್ನು ನೋಡಲು ಬರುವರೆಂದು ತಿಳಿದ ಹಿಂದಿನ ರಾತ್ರಿ ಮನೆಯಲ್ಲಿ ಚರ್ಚೆ ನಡೆಯಿತು. ತಮ್ಮನು, "ಅಣ್ಣಯ್ಯ, ಪತ್ರದಲ್ಲಿರುವ ಸಂಖ್ಯೆಯೂ ಎಂಜಿನಿನ ಮೇಲಿನ ಸಂಖ್ಯೆಯೂ ಈಗ ಒಂದೇ. ಇದು ಬೇರೆ ಬಂಡಿಯ ಎಂಜಿನೆಂದು ನಾವಾಗಿ ಏಕೆ ಹೇಳಬೇಕು? ಕೇಳಿದರೆ 'ಷೆವರ್ಲೆಯದೇ' ಎಂದರಾಯಿತು, ಅದೇನು ಸುಳ್ಳಲ್ಲವಲ್ಲ" ಎಂದನು. ನಮಗೂ ಆ ಮಾತು ರುಚಿಸಿತೆಂಬುದನ್ನು ಮರೆಮಾಚುವುದಿಲ್ಲ. ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಮಾತೃಶ್ರೀಯವರು ತಲೆಯೆತ್ತದೆಯೇ, "ಧರ್ಮರಾಯ ಹೇಳಿದ್ದೂ ಪೂರ್ತಿ ಸುಳ್ಳಲ್ಲ ಕಣಪ್ಪ. ಸತ್ತದ್ದು ಅಶ್ವತ್ಥಾಮನೇ, ಆದರೆ ಆನೆ. ಅಷ್ಟಕ್ಕೇ ನೆಲ ಮುಟ್ಟದ ಅವನ ರಥ ನೆಲಕ್ಕಿಳಿಯಿತು. ನಿಮ್ಮ ರಥ ಮೊದಲೇ ನೆಲದ ಮೇಲಿದೆ" ಎಂದರು. ಆಮೇಲೆ ಯಾರೂ ಮಾತನಾಡಲಿಲ್ಲ.

ಭಾನುವಾರ ಬೆಳಗಿನ ಜಾವ, ರಸ್ತೆ ಖಾಲಿಯಿರುವಾಗಲೇ, ಬಂದವರನ್ನು ಕೂಡಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕೆರೆಯವರೆಗೆ ಹೋಗಿಬಂದೆವು. ಸ್ಟೀರಿಂಗಿನ ಕೆಳಗಿನ ಗೇರಿನ ಹಿಡಿಯನ್ನು ಅವರೇ ಹಾಕಿ ನೋಡಿದರು. ಅವರ ಮುಖ ಬಾಲಕನ ಮುಖದಂತೆ ಅರಳಿತು. ಕೆರೆಯ ದಡದಲ್ಲಿ ಬಂಡಿಯನ್ನು ನಿಲ್ಲಿಸಿ ಮುಚ್ಚಳವನ್ನೆತ್ತಿ, "ಎಂಜಿನು ಇದರದೇ ತಾನೆ?" ಎಂದು ಕೇಳಿದರು. ನಾವು ಡೀಸೆಲಿನ ಕಥೆಯಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳಿದೆವು. ನೆಲದ ತಗಡಿನಲ್ಲಿ ತುಕ್ಕು ತಿಂದು ಹೊಸದಾಗಿ ಬೆಸೆದ ಜಾಗಗಳನ್ನೂ, ರಿಪೇರಿಯ ಕಾಲದಲ್ಲಿ ತೆಗೆದ ಚಿತ್ರಗಳನ್ನೂ ತೋರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ನಾವು ಹೇಳಿದ ಬೆಲೆಯಲ್ಲಿ ಆರನೆಯ ಒಂದು ಭಾಗವನ್ನು ಇಳಿಸಿ ಕೇಳಿದರು. ತಮ್ಮನ ಮುಖ ಬಾಡಿತು. ಆದರೂ ಒಪ್ಪಿದೆವು.

ನಾವು ಹೇಳದಿದ್ದರೆ ಅವರಿಗೆ ಆಗಬಹುದಾಗಿದ್ದ ತೊಂದರೆ ನಮಗೆ ಅನಂತರ ಪೂರ್ಣವಾಗಿ ಮನದಟ್ಟಾಯಿತು. ಕೇಂದ್ರ ಸರ್ಕಾರವು 2021ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಉಪಯೋಗದ ಬಂಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದರ ಚಾಸಿಸ್, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಅದನ್ನು ಪರೀಕ್ಷಿಸಿ ತೀರ್ಮಾನಿಸಲು ಸಮಿತಿಯೊಂದಿರುತ್ತದೆ. ಆ ಸಮಿತಿಯ ಮುಂದೆ ನಿಲ್ಲಬೇಕಾದವರು ಕೊಂಡವರೇ ಹೊರತು ಮಾರಿದವರಲ್ಲ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪುನರ್ನೋಂದಣಿಗೆ 5,000 ರೂಪಾಯಿ. ಹೀಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನಕ್ಕೂ, ರ್‍ಯಾಲಿಗೂ, ದುರಸ್ತಿಗೂ ಒಯ್ಯಬಹುದಲ್ಲದೆ ನಿತ್ಯದ ಓಡಾಟಕ್ಕಾಗಲಿ, ಬಾಡಿಗೆಗಾಗಲಿ ಉಪಯೋಗಿಸುವಂತಿಲ್ಲ. ಮದುವೆಗಳಿಗೆ ಬಾಡಿಗೆಗೆ ಬಿಟ್ಟು ಹಣ ಹುಟ್ಟಿಸುವೆನೆಂದು ಕೊಳ್ಳಬಂದವರಿಗೆ ಇದನ್ನು ಮೊದಲೇ ತಿಳಿಸುವುದು ಮಾರುವವನ ಕರ್ತವ್ಯ. ವಿಂಟೇಜ್ ಬಂಡಿಯ ಮಾರಾಟವನ್ನು ಉಭಯತರೂ 90 ದಿನಗಳೊಳಗೆ ಸಾರಿಗೆ ಅಧಿಕಾರಿಗಳಿಗೆ ತಿಳಿಸಬೇಕು. ಸಾಮಾನ್ಯ ನೋಂದಣಿಯ ಬಂಡಿಯಾದರೆ 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಕೊಡಬೇಕು. ಹೆಸರು ಬದಲಾಗದೆ ಬಂಡಿಯನ್ನು ಬಿಟ್ಟುಕೊಟ್ಟರೆ ನಾಳೆ ಅಪಘಾತವಾದಾಗ ಹೊಣೆ ಹಳೆಯ ಒಡೆಯನ ತಲೆಗೆ ಸುತ್ತಿಕೊಳ್ಳಬಹುದು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧವಾದುದರಿಂದ ಬ್ಯಾಂಕಿನ ಮೂಲಕವೇ ಪಡೆಯತಕ್ಕದ್ದು.

ಬಂಡಿ ಹೊರಟ ದಿನ ಮಾತೃಶ್ರೀಯವರು ಅದಕ್ಕೆ ಅರಿಸಿನ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣನ್ನು ಇಡಿಸಿದರು. ಅದರ ಸದ್ದು ಬೀದಿಯ ತಿರುವಿನಲ್ಲಿ ಅಡಗುವವರೆಗೂ ನಾವೆಲ್ಲರೂ ಬಾಗಿಲಲ್ಲೇ ನಿಂತಿದ್ದೆವು. ಒಂದು ತಿಂಗಳಾದ ಮೇಲೆ ಕೊಂಡವರು ದೂರವಾಣಿಯಲ್ಲಿ ಮಾತನಾಡಿ, "ಗೇರು ಎರಡಕ್ಕೆ ಬೀಳುವಾಗ ಸ್ವಲ್ಪ ತಡೆಯುತ್ತದೆ, ಏನು ಮಾಡಲಿ?" ಎಂದು ಕೇಳಿದರು. ತಮ್ಮನು ಮರುದಿನವೇ ಸ್ಪ್ಯಾನರುಗಳ ಚೀಲವನ್ನು ಹೆಗಲಿಗೇರಿಸಿ ಯಶವಂತಪುರಕ್ಕೆ ಹೋದನು. ಈಗ ತಿಂಗಳಿಗೊಮ್ಮೆ ಹೋಗುತ್ತಾನೆ. ಬೆಲೆಯಲ್ಲಿ ಕಳೆದುಕೊಂಡ ಆರನೆಯ ಒಂದು ಭಾಗವನ್ನು ಕುರಿತು ಅವನು ಮತ್ತೆ ಮಾತನಾಡಿದುದನ್ನು ನಾವು ಕೇಳಿಲ್ಲ.