ಇಂಗ್ಲಿಷಿನ ಬಾಯಿಗೆ ಕುದುರೆ ಹಲ್ಲು

ಕುದುರೆ ಮಾರುವವನು ಅದರ ವಯಸ್ಸಿನ ಬಗ್ಗೆ ನಿಜ ಹೇಳುತ್ತಾನೆಂದು ಯಾವ ಸಂತೆಯಲ್ಲೂ ಯಾರೂ ನಂಬುವುದಿಲ್ಲ. ಕೊಳ್ಳುವವನು ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡೂವರೆ ವರ್ಷದ ಸುಮಾರಿಗೆ ಹಾಲುಹಲ್ಲು ಬೀಳತೊಡಗಿ, ಐದರ ಹೊತ್ತಿಗೆ ಬಾಚಿಹಲ್ಲುಗಳೆಲ್ಲ ಹೊಸವಾಗಿರುತ್ತವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದ್ದು’ ಎಂದು ಹೋರಿಯ ಪ್ರಾಯ ಹೇಳುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಯಿ, ಹಲ್ಲುಗಳ ಸುತ್ತ ಇಂಗ್ಲಿಷ್ ಕಟ್ಟಿಕೊಂಡ ನುಡಿಗಟ್ಟುಗಳಲ್ಲಿ ಒಂದು ದೊಡ್ಡ ಗುಂಪು ಕುದುರೆ ಲಾಯದಿಂದ ಬಂದದ್ದು. ಶಾಲೆಯಲ್ಲಿ ಅವನ್ನು ಪಟ್ಟಿ ಮಾಡಿ ಉರು ಹೊಡೆಸುವಾಗ ಕುದುರೆಯನ್ನು ಮಾತ್ರ ಹೊರಗೆ ಕಟ್ಟಿಬಿಡುತ್ತೇವೆ.

ದಾನವಾಗಿ ಬಂದ ಕುದುರೆಯ ಬಾಯಿ ನೋಡಬೇಡ ಎಂಬ ‘ಗಿಫ್ಟ್ ಹಾರ್ಸ್’ ಗಾದೆ ಇಂಗ್ಲಿಷಿಗಿಂತಲೂ ಹಳೆಯದು. ಕ್ರಿ.ಶ. 400ರ ಆಸುಪಾಸಿನಲ್ಲೇ ಸಂತ ಜೆರೋಮ್ ಲ್ಯಾಟಿನ್ನಿನಲ್ಲಿ ಇದನ್ನು ಜನ ಆಡುವ ಮಾತೆಂದೇ ಬರೆದಿದ್ದ. 1546ರಲ್ಲಿ ಜಾನ್ ಹೇವುಡ್ ತನ್ನ ಗಾದೆಗಳ ಪುಸ್ತಕಕ್ಕೆ ಸೇರಿಸಿದ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ನಮ್ಮವನು ಈ ಗಾದೆಯ ಖಾಸಾ ನೆಂಟ. ಅವನಾದರೂ ಹಿತ್ತಲಿಗೆ ಹೋದ, ಕೊಟ್ಟವನ ಎದುರಿಗೇ ಅಳೆಯಲಿಲ್ಲ!

ಮುದಿಯಾದವರನ್ನು ‘ಲಾಂಗ್ ಇನ್ ದ ಟೂತ್’ ಎನ್ನುವುದೂ ಇಲ್ಲಿಂದಲೇ. ವಯಸ್ಸಾದಂತೆ ಕುದುರೆಯ ಹಲ್ಲು ಮುಂದಕ್ಕೆ ಓರೆಯಾಗಿ, ವಸಡು ಸರಿದು, ಉದ್ದವಾಗಿ ಕಾಣುತ್ತದೆ. ಸುಮಾರು 10ನೇ ವರ್ಷಕ್ಕೆ ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ಒಂದು ಗೀರು ಮೂಡಿ, 20ರ ಹೊತ್ತಿಗೆ ಹಲ್ಲಿನುದ್ದಕ್ಕೂ ಇಳಿದಿರುತ್ತದೆ. ಇಷ್ಟೆಲ್ಲ ಲೆಕ್ಕವಿದ್ದರೆ ಮೋಸವೂ ಇರಲೇಬೇಕಲ್ಲ. ಮುದಿ ಕುದುರೆಯ ಹಲ್ಲನ್ನು ಅರದಿಂದ ಉಜ್ಜಿ, ಕಾಸಿದ ಕಬ್ಬಿಣದಿಂದ ಸುಟ್ಟು ಎಳೆಪ್ರಾಯದ ಗುರುತು ಮಾಡುವ ಕೈಚಳಕಕ್ಕೆ ‘ಬಿಷಪಿಂಗ್’ ಎಂಬ ಹೆಸರೇ ಇತ್ತು. ‘ಸ್ಟ್ರೇಟ್ ಫ್ರಮ್ ದ ಹಾರ್ಸಸ್ ಮೌತ್’ ಮಾತ್ರ ಈಚಿನದು, 20ನೇ ಶತಮಾನದ ಆರಂಭದ ರೇಸ್ ಮೈದಾನದ್ದು. ಇದನ್ನೂ ಹಲ್ಲಿಗೇ ಕಟ್ಟುವವರಿದ್ದಾರೆ. ನನಗೇನೋ ಇದು ಟಿಪ್ ಕೊಡುವವನ ಬಡಾಯಿ ಎನಿಸುತ್ತದೆ: ಜಾಕಿ ಹೇಳಿದ್ದಲ್ಲ ಸ್ವಾಮಿ, ಕುದುರೆಯೇ ಹೇಳಿದ್ದು.

ಹಲ್ಲಿನಿಂದ ಕಡಿವಾಣಕ್ಕೆ ಬಂದರೆ ಮಾತಿನ ಬಣ್ಣ ಬದಲಾಗುತ್ತದೆ. ಕುದುರೆಯ ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ತೆರಪು ಇದೆ. ಕಬ್ಬಿಣ ಕೂರುವುದು ಅಲ್ಲಿನ ತೆಳು ವಸಡಿನ ಮೇಲೆ. ಅದನ್ನು ಕುದುರೆ ಹಲ್ಲಿನಲ್ಲಿ ಕಚ್ಚಿಕೊಂಡರೆ ಲಗಾಮು ಎಷ್ಟು ಜಗ್ಗಿದರೂ ನಾಟುವುದಿಲ್ಲ. ಯಾರ ಮಾತೂ ಕೇಳದೆ ನುಗ್ಗುವವರಿಗೆ ‘ಬಿಟ್ ಬಿಟ್ವೀನ್ ದ ಟೀತ್’ ಎನ್ನುವುದು ಅದಕ್ಕೇ. ಒರಟು ಕೈ ಜಗ್ಗಿ ಜಗ್ಗಿ ಸ್ಪರ್ಶವೇ ಸತ್ತ ಕುದುರೆ ‘ಹಾರ್ಡ್ ಮೌತ್’. ಲಗಾಮು ಕೊಂಚ ಮಿಸುಕಿದರೂ ತಿಳಿದುಕೊಳ್ಳುವುದು ‘ಟೆಂಡರ್ ಮೌತ್’. ಹೆಸರು ಕುದುರೆಯ ಬಾಯಿಗೆ, ಗುಣ ಬಹುಪಾಲು ಸವಾರನ ಕೈಯದು. (ಲೋಕೋಪಯೋಗಿ ಇಲಾಖೆಯ ಟೆಂಡರ್ ಬೇರೆ ಕುಲದ ಪದ. ಇದು ಮೃದು ಎಂಬ ಅರ್ಥದ ಲ್ಯಾಟಿನ್ ‘ಟೆನೆರ್’ನಿಂದ, ಅದು ಚಾಚು ಎಂಬ ‘ಟೆಂಡೆರೆ’ಯಿಂದ.) ಬೇಟೆನಾಯಿಗಳಲ್ಲಿ ‘ಸಾಫ್ಟ್ ಮೌತ್’ ಎಂದರೆ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಕಚ್ಚಿ ತರುವ ಗುಣ. ಲ್ಯಾಬ್ರಡಾರ್ ಹೆಸರಾದದ್ದು ಇದಕ್ಕೂ ಹೌದು.

ಕುದುರೆಯ ಬಾಯಿನೋವನ್ನು ಇಂಗ್ಲಿಷ್ ಓದುಗರ ಮನಸ್ಸಿಗೆ ತಂದವಳು ಆನಾ ಸೀವೆಲ್. 1877ರ ‘ಬ್ಲ್ಯಾಕ್ ಬ್ಯೂಟಿ’ಯಲ್ಲಿ ಕಥೆ ಹೇಳುವುದು ಕುದುರೆಯೇ. ಕುದುರೆ ಭಾಷೆಯ ಮೂಲದಿಂದ ಅನುವಾದಿಸಿದ್ದು ಎಂದು ಅವಳು ಮೊದಲ ಪುಟದಲ್ಲೇ ತಮಾಷೆ ಮಾಡಿದ್ದಳು. ಒಳಗಿದ್ದದ್ದು ತಮಾಷೆಯಲ್ಲ. ಸಾರೋಟಿನ ಅಂದಕ್ಕಾಗಿ ಕುದುರೆಯ ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟುವ ‘ಬೇರಿಂಗ್ ರೇನ್’ ಎಂಬ ಪಟ್ಟಿಯ ವಿರುದ್ಧ ಆಗ ಎದ್ದಿದ್ದ ದನಿಗೆ ಈ ಪುಸ್ತಕ ಬಲ ಕೊಟ್ಟಿತು. ಅದನ್ನು ಕಾಣಲು ಅವಳು ಉಳಿಯಲಿಲ್ಲ, 1878ರಲ್ಲೇ ತೀರಿಕೊಂಡಳು.

ಯಾರನ್ನಾದರೂ ಕಟುಕರ ಕೈಗೆ ಒಪ್ಪಿಸಿದಾಗ ಇಂಗ್ಲಿಷ್ ಪತ್ರಿಕೆಗಳು ‘ಟೆಂಡರ್ ಮರ್ಸೀಸ್’ ಎಂದು ವ್ಯಂಗ್ಯವಾಡುತ್ತವೆ. ಆ ವ್ಯಂಗ್ಯದ ಬೇರು 1611ರ ಬೈಬಲ್ ಅನುವಾದದಲ್ಲೇ ಇದೆ. ಜ್ಞಾನೋಕ್ತಿಗಳ 12ನೇ ಅಧ್ಯಾಯದ 10ನೇ ವಚನದ ಪ್ರಕಾರ ದುಷ್ಟನ ಕರುಣೆಯೂ ಕ್ರೌರ್ಯವೇ. ಅದೇ ವಚನದ ಮೊದಲರ್ಧ, ಒಳ್ಳೆಯವನು ತನ್ನ ಸಾಕುಪ್ರಾಣಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬುದರ ಬಗ್ಗೆ.