ಮಂತ್ರಾಲೋಚನೆಯೂ ಮದ್ದುಗುಂಡಿನ ವ್ಯಾಪಾರವೂ

ಭೀಮಾ ನದಿಯ ದಡದ ಅಫಜಲಪುರ, ಜೇವರ್ಗಿ ಸೀಮೆಗಳೂ ಅಕ್ಕಲಕೋಟೆಯ ಮಗ್ಗುಲಿನ ಆಳಂದವೂ 1948ರವರೆಗೆ ನಿಜಾಮರ ರಾಜ್ಯದ ಪಶ್ಚಿಮದ ಅಂಚು. ಹೊಳೆ ದಾಟಿದರೆ ವಿಜಾಪುರ ಜಿಲ್ಲೆ. ಅಲ್ಲಿ ಬೇರೆ ಸರಕಾರ, ಬೇರೆ ನಾಣ್ಯ. ಈಚೆ ದಡದಲ್ಲಿ ಹಾಲಿ ಸಿಕ್ಕಾ ರೂಪಾಯಿ, ಕರೋಡಗಿರಿ ನಾಕೆ, ರೈತನ ಕಣಕ್ಕೇ ಬಂದು ಲೆವಿ ಧಾನ್ಯ ಅಳೆಯಿಸಿಕೊಳ್ಳುವ ಅಧಿಕಾರಿ. 1947ರ ತರುವಾಯ ರಜಾಕಾರರ ಹಾವಳಿ. ಮನೆಗೆ ಬೀಗ ಹಾಕಿ, ಮಕ್ಕಳನ್ನು ಎತ್ತಿಕೊಂಡು ಗಡಿಯಾಚೆಗೆ ಹೋದವರ ಕಥೆಗಳು ಈ ಭಾಗದಲ್ಲಿ ಇಂದಿಗೂ ಕೇಳಸಿಗುತ್ತವೆ. ಆ ಕಥೆಯ ಇನ್ನೊಂದು ತುದಿಯು ಹೈದರಾಬಾದಿನ ಮಂತ್ರಿಸಭೆಯಲ್ಲಿಯೂ ಕರಾಚಿಯ ವಿಮಾನ ನಿಲ್ದಾಣದಲ್ಲಿಯೂ ಲಂಡನ್ನಿನ ಬ್ಯಾಂಕಿನಲ್ಲಿಯೂ ಇತ್ತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

1947ರ ನವೆಂಬರ್ 29ರಂದು ಭಾರತ ಸರಕಾರದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಅದೇ ಸುಮಾರಿಗೆ ನಿಜಾಮರ ಪ್ರಧಾನಿಯಾದವರು ಮೀರ್ ಲಾಯಕ್ ಅಲಿ. ಅವರು ರಾಜಕಾರಣಿಯಲ್ಲ, ಸೇನಾನಿಯೂ ಅಲ್ಲ. ಇಂಜಿನಿಯರ್ ವಿದ್ಯೆ ಕಲಿತು, ಕಟ್ಟಡ ಕಾಮಗಾರಿಗಳಿಂದ ಮೇಲೆ ಬಂದು, ರಾಜ್ಯದ ದೊಡ್ಡ ಉದ್ಯಮಪತಿಗಳಲ್ಲಿ ಒಬ್ಬರೆನಿಸಿದವರು. ಅರ್ಥಖಾತೆಯನ್ನೂ ಪರದೇಶ ವ್ಯವಹಾರವನ್ನೂ ನೋಡಿಕೊಂಡ ಮೊಯಿನ್ ನವಾಜ್ ಜಂಗರು ಅವರ ನೆಂಟರು. ರಾಜ್ಯದ ರಕ್ಷಣೆಯನ್ನು ಕುರಿತು ನಿಜಾಮರ ಕಿವಿಯಲ್ಲಿ ಮಾತನಾಡುವ ಅಧಿಕಾರವು ಹೀಗೆ ಕಾರಖಾನೆಗಳ ಲೆಕ್ಕಪತ್ರ ಬಲ್ಲವರ ಕೈಗೆ ಬಂದಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲಪತ್ರ ಕೊಡಮಾಡಿದ ಸಂಗತಿ ಹೊರಬಿದ್ದಾಗ ದೆಹಲಿ ಕೆರಳಿತು.

ಭಾರತದಿಂದ ಆಯುಧ ದೊರೆಯುವಂತಿರಲಿಲ್ಲ. ಸೇನಾಪತಿ ಎಲ್ ಎದ್ರೂಸರು ಯುರೋಪಿನಲ್ಲಿ ಅಲೆದರೂ ಹೆಚ್ಚೇನೂ ದಕ್ಕಲಿಲ್ಲ. ಆಗ ರಂಗಕ್ಕೆ ಬಂದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ. ಎರಡನೆಯ ಮಹಾಯುದ್ಧದ ವೇಳೆ ಆಕಾಶದಿಂದ ಶತ್ರುನೆಲೆಗಳ ಚಿತ್ರ ತೆಗೆಯುವ ವಿದ್ಯೆಯಲ್ಲಿ ಹೆಸರು ಮಾಡಿದ್ದ ಈತ ಯುದ್ಧ ಮುಗಿದ ಮೇಲೆ ವ್ಯಾಪಾರಕ್ಕಿಳಿದಿದ್ದನು. ಲ್ಯಾಂಕಾಸ್ಟರ್ ಬಾಂಬರನ್ನೇ ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳು 1948ರ ಬೇಸಗೆ, ಮಳೆಗಾಲಗಳಲ್ಲಿ ಕರಾಚಿಯಿಂದ ಹೊರಟು, ಕತ್ತಲೆಯಲ್ಲಿ ಬೀದರ, ವಾರಂಗಲ್ಲುಗಳ ನಿಲ್ದಾಣಗಳಿಗೆ ಬಂದೂಕು, ಮದ್ದುಗುಂಡುಗಳನ್ನು ಇಳಿಸಿ ಮರಳುತ್ತಿದ್ದವು. ಬೀದರ ಆಳಂದಕ್ಕೆ ದೂರದ ಊರೇನಲ್ಲ. ಅದೇ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನೆನೆದರೆ, ಗಡಿಯ ಹಳ್ಳಿಗಳು ಯಾವ ಭಯದಲ್ಲಿ ದಿನಗಳೆದುವೆಂಬುದು ತಿಳಿದೀತು.

ಲಾಯಕ್ ಅಲಿಯವರು ಈ ಆಯುಧ ವ್ಯವಹಾರದಲ್ಲಿ ಸ್ವಂತಕ್ಕೆ ಕಾಸು ಮಾಡಿಕೊಂಡರೆಂದು ಇಲ್ಲಿ ಹೇಳುತ್ತಿಲ್ಲ. ಹಿತಸಂಘರ್ಷವೆಂದರೆ ಕಳ್ಳತನವಲ್ಲ. ಯುದ್ಧವಾದರೆ ಯಾರ ಆಸ್ತಿ, ಯಾರ ಉದ್ಯಮ, ಯಾರ ಸರಕು ಏನಾದೀತೆಂಬ ಚಿಂತೆ ಸಲಹೆಗಾರನ ಮನಸ್ಸಿನೊಳಗೇ ಇದ್ದರೆ, ಅವನು ಪ್ರಾಮಾಣಿಕನಾದರೂ ಸಲಹೆ ನಿರ್ಮಲವಾಗಿ ಹೊರಬರುವುದು ಕಷ್ಟ. ಇನ್ನು ಕಾಟನ್ನನ ಮಾತು ಬೇರೆ: ಹೈದರಾಬಾದು ತಾಳಿ ನಿಂತೀತೆಂಬ ನಂಬಿಕೆ ಇರುವವರೆಗೆ ಮಾತ್ರ ಅವನ ವಿಮಾನಕ್ಕೆ ಬಾಡಿಗೆ.

ತಾಳಿ ನಿಲ್ಲಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯದ ಮುಖ್ಯ ದಳ ಸೊಲ್ಲಾಪುರದಿಂದ ಹೊರಟು ನಳದುರ್ಗದ ಹಾದಿ ಹಿಡಿಯಿತು. 17ರಂದು ನಿಜಾಮರು ಸೋಲೊಪ್ಪಿದರು. ಕಾಟನ್ನನಿಗೆ ಬ್ರಿಟಿಷ್ ನ್ಯಾಯಾಲಯ ವಿಧಿಸಿದ ದಂಡ 200 ಪೌಂಡು. ಲಾಯಕ್ ಅಲಿಯವರು ಗೃಹಬಂಧನದಿಂದ ಪಾರಾಗಿ 1950ರಲ್ಲಿ ಪಾಕಿಸ್ತಾನ ಸೇರಿದರು.

ಗೆದ್ದವರ ಮನೆಯಲ್ಲಿಯೂ ಎಲ್ಲ ಚೊಕ್ಕಟವಾಗಿತ್ತೆನ್ನುವಂತಿಲ್ಲ. ಅದೇ 1948ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನರ್ ಕಚೇರಿಯು ಸೈನ್ಯಕ್ಕಾಗಿ 2,000 ಹಳೆಯ ಜೀಪುಗಳನ್ನು ದುರಸ್ತಿಮಾಡಿ ಕೊಡುವ ಗುತ್ತಿಗೆಯನ್ನು, ಅಷ್ಟೇನೂ ಬಂಡವಾಳವಿಲ್ಲದ ಕಂಪನಿಗೆ ಕೊಟ್ಟಿತು. ಮದರಾಸಿಗೆ ಬಂದಿಳಿದ 155 ಜೀಪುಗಳನ್ನು ಸೈನ್ಯ ನಿರಾಕರಿಸಿತು. ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿ ವಿಚಾರಣೆ ಬೇಕೆಂದಿತು. ಸರಕಾರ 1955ರಲ್ಲಿ ವಿಷಯ ಮುಗಿಯಿತೆಂದು ಸಾರಿತು. ಆಗ ಹೈಕಮಿಷನರಾಗಿದ್ದ ಕೃಷ್ಣ ಮೆನನ್ನರು 1957ರಲ್ಲಿ ರಕ್ಷಣಾ ಮಂತ್ರಿಗಳೂ ಆದರು.

ಅಮೆರಿಕದಲ್ಲಿ ಇಂಥದಕ್ಕೆ ಒಮ್ಮೆಯಾದರೂ ಸೆರೆಮನೆಯ ಬಾಗಿಲು ತೆರೆದುದುಂಟು. ವಾಯುಸೇನೆಯ ಖರೀದಿಯ ಹಿರಿಯ ಅಧಿಕಾರಿ ಡಾರ್ಲೀನ್ ಡ್ರೂಯನ್ ಎಂಬ ಮಹಿಳೆ ಬೋಯಿಂಗ್ ಕಂಪನಿಯ ವಿಮಾನಗಳ ಬೆಲೆ ಕುದುರಿಸುತ್ತಲೇ ಅದೇ ಕಂಪನಿಯಲ್ಲಿ ತನಗೊಂದು ಕೆಲಸವನ್ನೂ ಕುದುರಿಸಿಕೊಂಡಳು. 2004ರಲ್ಲಿ 9 ತಿಂಗಳ ಸಜೆಯಾಯಿತು. ನಮ್ಮಲ್ಲಿ 2001ರಲ್ಲಿ ಆಯುಧ ತಯಾರಿಕೆಯ ಬಾಗಿಲು ಖಾಸಗಿಯವರಿಗೆ ತೆರೆಯಿತು. ನಿವೃತ್ತರಾದ ಹಿರಿಯ ಅಧಿಕಾರಿ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಬೇಕಾದರೆ ಸರಕಾರದ ಅಪ್ಪಣೆ ಪಡೆಯಬೇಕು. ಒಂದು ತೋಪಿನ ಖರೀದಿ ಹತ್ತು ಹದಿನೈದು ವರ್ಷ ಹಿಡಿಯುವ ನಾಡಿನಲ್ಲಿ ಒಂದು ವರ್ಷದ ಈ ಬೇಲಿಯನ್ನು ಕುರಿಮರಿಯೂ ಹಾರೀತು.

ಲಂಡನ್ನಿನ ಹಣದ ಮಾತು ಬಾಕಿ ಉಳಿಯಿತು. ಹೈದರಾಬಾದು ಬೀಳುವ ಹೊತ್ತಿಗೆ ಮೊಯಿನ್ ನವಾಜ್ ಜಂಗರು 10 ಲಕ್ಷ ಪೌಂಡಿಗೂ ಮಿಕ್ಕ ಮೊತ್ತವನ್ನು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ ಹೆಸರಿಗೆ ವರ್ಗಾಯಿಸಿದ್ದರು. ನಿಜಾಮರು ಕೆಲವೇ ದಿನಗಳಲ್ಲಿ ಅದನ್ನು ಮರಳಿ ಕೇಳಿದರು. ಬ್ಯಾಂಕು ಯಾರಿಗೂ ಕೊಡದೆ ಕೂಡಿಟ್ಟಿತು. ಅದು ಕಾಟನ್ನನ ಮೂಲಕ ಬಂದ ಆಯುಧಗಳಿಗೆ ಸಂದ ಹಣವೆಂಬ ವಾದವನ್ನೂ ಪಾಕಿಸ್ತಾನ ಹೂಡಿತು. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿ, ಅಷ್ಟರಲ್ಲಿ ಸುಮಾರು ಮೂರೂವರೆ ಕೋಟಿ ಪೌಂಡಾಗಿ ಬೆಳೆದಿದ್ದ ಹಣವನ್ನು ನಿಜಾಮರ ವಂಶದವರಿಗೂ ಭಾರತ ಸರಕಾರಕ್ಕೂ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಕಣದಲ್ಲಿ ಲೆವಿ ಜೋಳ ಅಳೆದುಕೊಟ್ಟವರು ಆ ವ್ಯಾಜ್ಯದಲ್ಲಿ ಪಕ್ಷಗಾರರಾಗಿರಲಿಲ್ಲ.