ಕರುಳೂ ನೀರಿನ ಲೆಕ್ಕವೂ

ಕೂಸಿಗೆ ಅನ್ನವುಣಿಸಿದ ಮೇಲೆ ಅದರ ಹೊಟ್ಟೆಯನ್ನು ಸವರುತ್ತ, ಅಗಸ್ತ್ಯನು ವಾತಾಪಿಯನ್ನು ಅರಗಿಸಿಕೊಂಡಂತೆ ಇದೂ ಅರಗಲಿ ಎಂದು ಹರಸುವ ಅಜ್ಜಿಯರು ನಮ್ಮ ನಾಡಿನ ಮನೆಗಳಲ್ಲಿ ಈಗಲೂ ಇದ್ದಾರೆ. ಆದರೆ ಅರಗುವುದೆಂದರೇನು, ಅದು ಎಲ್ಲಿ ನಡೆಯುತ್ತದೆ, ಯಾವುದರಿಂದ ನಡೆಯುತ್ತದೆ ಎಂದು ವಿಚಾರಿಸುವವರು ಕಡಮೆ. ಜಠರ, ಕರುಳು, ಯಕೃತ್ತು ಎಲ್ಲವನ್ನೂ ಹೊಟ್ಟೆಯೆಂಬ ಒಂದೇ ಮಾತಿನಲ್ಲಿ ಅಡಗಿಸಿಬಿಡುವುದು ನಮ್ಮ ರೂಢಿ. ಇದರಿಂದ ಭಾಷೆಗೆ ಹಾನಿಯೇನೂ ಇಲ್ಲ. ಆದರೆ ಮಕ್ಕಳ ಪ್ರಾಣಕ್ಕೇ ಹಾನಿ ತಟ್ಟುವ ಸಂದರ್ಭವೊಂದುಂಟು. ಮಗುವಿಗೆ ಭೇದಿಯಾದಾಗ, "ಕುಡಿದದ್ದೆಲ್ಲ ಹೊರಕ್ಕೇ ಹೋಗುತ್ತಿದೆ, ಇನ್ನು ನೀರು ಕೊಡಬೇಡಿ" ಎನ್ನುವ ಮಾತನ್ನು ಓದುಬರಹ ಬಲ್ಲವರ ಮನೆಗಳಲ್ಲಿಯೂ ನಾವು ಕೇಳಿದ್ದೇವೆ. ಈ ಮಾತು ಏತಕ್ಕೆ ಸಲ್ಲದೆಂಬುದು ಮನಸ್ಸಿಗೆ ನಾಟಬೇಕಾದರೆ, ಉಂಡ ತುತ್ತಿನ ಬೆನ್ನು ಹಿಡಿದು ನಾವೂ ಒಳಕ್ಕೆ ಹೋಗಿ ನೋಡಬೇಕು.

ಬಾಯಿಯಲ್ಲಿ ಹಲ್ಲುಗಳು ಅನ್ನವನ್ನು ಅರೆಯುತ್ತಿರುವಾಗಲೇ ಮೂರು ಜೊತೆ ಗ್ರಂಥಿಗಳಿಂದ ಲಾಲಾರಸವು ಸುರಿದು ಅದನ್ನು ನೆನೆಸುತ್ತದೆ. ಬರಿಯ ಅನ್ನವನ್ನು ನುಂಗದೆ ಸ್ವಲ್ಪ ಹೊತ್ತು ಅಗಿಯುತ್ತಿದ್ದರೆ ಅದು ಸಿಹಿಯಾಗುವುದನ್ನು ವಾಚಕರು ಪರೀಕ್ಷಿಸಿ ನೋಡಬಹುದು. ಲಾಲಾರಸವು ಅನ್ನದ ಪಿಷ್ಟವನ್ನು ಆಗಲೇ ಸಕ್ಕರೆಯ ಕಡೆಗೆ ತಿರುಗಿಸತೊಡಗಿರುತ್ತದೆ. ನುಂಗುವ ಗಳಿಗೆಯಲ್ಲಿ ಶ್ವಾಸನಾಳದ ಬಾಯನ್ನು ಒಂದು ಪುಟ್ಟ ಮುಚ್ಚಳವು ಮುಚ್ಚಿಕೊಳ್ಳುತ್ತದೆ. ಉಣ್ಣುವಾಗ ಮಾತನಾಡಬೇಡವೆಂದು ಹಿರಿಯರು ಗದರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಅಲ್ಲಿಂದ ಸುಮಾರು ೨೫ ಸೆಂಟಿಮೀಟರು ಉದ್ದದ ಅನ್ನನಾಳದಲ್ಲಿ ತುತ್ತು ತನ್ನ ಭಾರದಿಂದಲೇ ಜಾರಿ ಬೀಳುವುದೆಂದು ಭಾವಿಸಬಾರದು. ನಾಳದ ಸ್ನಾಯುಗಳು ಹಿಂದಿನಿಂದ ಬಿಗಿಯುತ್ತ, ಮುಂದಕ್ಕೆ ಸಡಿಲುತ್ತ ಅದನ್ನು ತಳ್ಳಿಕೊಂಡು ಹೋಗುತ್ತವೆ. ತಲೆ ಕೆಳಗಾಗಿ ನಿಂತವನೂ ನುಂಗಬಲ್ಲನು.

ಇನ್ನು ಜಠರ. ಸಂಸ್ಕೃತದಲ್ಲಿ ಅಡಿಗೆಗೂ ಅರಗುವಿಕೆಗೂ 'ಪಚ್' ಎಂಬ ಧಾತು ಒಂದೇ. ಪಾಕ, ಪಚನ, ಪಕ್ವ ಇವೆಲ್ಲ ಅದರ ಸಂತಾನ. ಒಲೆಯ ಮೇಲೆ ಬೆಂದ ಅನ್ನವು ಒಳಗೆ ಮತ್ತೊಮ್ಮೆ ಬೇಯುತ್ತದೆಂಬ ಭಾವನೆಯಿಂದ ಜಠರಾಗ್ನಿಯೆಂಬ ಮಾತು ಹುಟ್ಟಿತು. ಸೊಗಸಾದ ರೂಪಕವೇ ಅದು. ಆದರೆ ರೂಪಕವನ್ನು ಅಕ್ಷರಶಃ ಹಿಡಿದವನಿಗೆ, ನೀರು ಹೊಯ್ದರೆ ಬೆಂಕಿ ಆರುವುದೆಂಬ ಹೆದರಿಕೆಯೂ ಸಹಜವಾಗಿಯೇ ಹುಟ್ಟುತ್ತದೆ. ನಮ್ಮ ಒಡಲ ಉಷ್ಣವು ೩೭ ಡಿಗ್ರಿಯ ಆಸುಪಾಸು ಮಾತ್ರ. ಅಷ್ಟರಲ್ಲಿ ಒಂದು ಹಿಡಿ ಅಕ್ಕಿಯೂ ಬೇಯದು.

ಜಠರದಲ್ಲಿರುವುದು ಬೆಂಕಿಯಲ್ಲ, ರಸವೆಂಬುದನ್ನು ಕಣ್ಣಾರೆ ಕಾಣುವ ಅವಕಾಶವು ವಿಚಿತ್ರವಾದ ರೀತಿಯಲ್ಲಿ ಒದಗಿತು. ೧೮೨೨ನೆಯ ಇಸವಿಯ ಜೂನ್ ೬ರಂದು ಅಮೆರಿಕೆಯ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳದ ಚರ್ಮದ ವ್ಯಾಪಾರದಲ್ಲಿ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗಲಿತು. ಸೈನ್ಯದ ವೈದ್ಯನಾದ ವಿಲಿಯಂ ಬೋಮಂಟನು ಅವನನ್ನು ಬದುಕಿಸಿದನು. ಆದರೆ ಗಾಯವು ಪೂರ್ಣವಾಗಿ ಮುಚ್ಚಿಕೊಳ್ಳದೆ, ಜಠರಕ್ಕೆ ಹೊರಗಿನಿಂದಲೇ ಒಂದು ಕಿಂಡಿ ಉಳಿದುಬಿಟ್ಟಿತು. ೧೮೨೫ರಿಂದ ವೈದ್ಯನು ಆಹಾರದ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ಕಿಂಡಿಯಿಂದ ಇಳಿಬಿಟ್ಟು, ಹೊತ್ತು ಹೊತ್ತಿಗೆ ಎಳೆದು ಪರೀಕ್ಷಿಸಿದನು. ಜಠರದ ರಸವನ್ನು ಹೊರತೆಗೆದು ಗಾಜಿನ ಸೀಸೆಯಲ್ಲಿ ಮಾಂಸದೊಡನೆ ಬೆಚ್ಚಗಿಟ್ಟರೆ, ಅಲ್ಲಿಯೂ ಮಾಂಸವು ಕರಗಿತು. ರೋಗಿಯು ಸಿಟ್ಟುಗೊಂಡಾಗ ಜಠರದ ಕೆಲಸವು ಕೆಡುವುದನ್ನೂ ಅವನು ಕಂಡನು. ತನ್ನ ಪರೀಕ್ಷೆಗಳನ್ನು ೧೮೩೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮೈಯ ಕಿಂಡಿಯನ್ನು ಲೋಕಕ್ಕೆ ಎರವು ಕೊಟ್ಟ ಆ ಬಡವನ ಸಿಟ್ಟಿಗೆ ಕಾರಣವಿರಲಿಲ್ಲವೆಂದು ನಾವಂತೂ ಹೇಳಲಾರೆವು. ಅವನು ೧೮೮೦ರವರೆಗೆ ಬದುಕಿದ್ದು, ತನ್ನ ವೈದ್ಯನಿಗಿಂತ ಎಷ್ಟೋ ವರ್ಷ ಹೆಚ್ಚು ಬಾಳಿದನೆಂಬುದೇ ಸಮಾಧಾನ.

ಆ ರಸದಲ್ಲಿರುವ ಹುಳಿಯು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟನು ೧೮೨೪ರಲ್ಲಿ ಪ್ರಕಟಪಡಿಸಿದ್ದನು. ಅದು ಬಹುಮಟ್ಟಿಗೆ ಕ್ರಿಮಿಗಳನ್ನು ಕೊಲ್ಲುತ್ತದೆ. ಪೆಪ್ಸಿನ್ ಎಂಬ ಪಾಚಕವು ಬೇಳೆ, ಹಾಲು, ಮಾಂಸಗಳ ಸತ್ತ್ವವನ್ನು ಒಡೆಯುವುದಕ್ಕೆ ನೆರವಾಗುತ್ತದೆ. ಇಷ್ಟಾದರೂ ಜಠರವು ಮುಖ್ಯವಾಗಿ ಕಡೆಯುವ ಪಾತ್ರೆಯೇ ಹೊರತು ದೇಹಕ್ಕೆ ಆಹಾರವನ್ನು ಒಪ್ಪಿಸುವ ಸ್ಥಳವಲ್ಲ. ಕಡೆದ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುತ್ತದೆ. ತುಪ್ಪ ಹೆಚ್ಚಾದರೆ ನಿಧಾನಿಸುತ್ತದೆ. ಹೋಳಿಗೆಯೂಟದ ಮರುಹೊತ್ತು ಹಸಿವಾಗದಿರುವುದಕ್ಕೆ ಇದೂ ಒಂದು ಕಾರಣ.

ನಿಜವಾದ ಕಾರ್ಯಕ್ಷೇತ್ರವು ಸಣ್ಣ ಕರುಳು. ಸಣ್ಣದೆಂಬುದು ಅದರ ಅಗಲದ ಮಾತು. ಉದ್ದವು ಸುಮಾರು ೬ ಮೀಟರು. ಇದರ ಮೊದಲ ಭಾಗಕ್ಕೆ ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಹೆರೋಫಿಲಸ್ ಎಂಬ ಗ್ರೀಕ್ ವೈದ್ಯನು ಇಟ್ಟ ಹೆಸರಿನ ಅರ್ಥವು 'ಹನ್ನೆರಡು ಬೆರಳು' ಎಂದು. ನಮ್ಮವರ ಅಂಗುಲದಂತೆಯೇ ಅವರೂ ಬೆರಳಿನಿಂದ ಅಳೆದರೆಂಬುದು ನಮಗೆ ಸಂತೋಷದ ವಿಷಯ. ಈ ಹನ್ನೆರಡು ಬೆರಳಿನ ಎಡೆಗೆ ಯಕೃತ್ತಿನಿಂದ ಪಿತ್ತರಸವೂ, ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಿಂದ ಮತ್ತೊಂದು ರಸವೂ ಬಂದು ಸೇರುತ್ತವೆ. ಸಾಬೂನು ಜಿಡ್ಡನ್ನು ಬಿಡಿಸುವಂತೆ ಪಿತ್ತವು ಎಣ್ಣೆತುಪ್ಪಗಳನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕದ ರಸವು ಪಿಷ್ಟ, ಸತ್ತ್ವ, ಕೊಬ್ಬು ಮೂರನ್ನೂ ಬಿಡಿಸುತ್ತದೆ. ಕರುಳಿನ ಒಳಗೋಡೆಯು ಮಖಮಲ್ಲಿನಂತೆ ಅಸಂಖ್ಯಾತ ಸೂಕ್ಷ್ಮ ಎಸಳುಗಳಿಂದ ತುಂಬಿದೆ. ಒಂದೊಂದೂ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಕಿರಿದು. ಇವನ್ನೂ ಇವುಗಳ ಮೇಲಿನ ಇನ್ನೂ ಸೂಕ್ಷ್ಮವಾದ ರೋಮಗಳನ್ನೂ ಹರಡಿದರೆ ಸುಮಾರು ೩೦ ಚದರ ಮೀಟರು, ಎಂದರೆ ಎರಡು ಕೋಣೆಗಳ ನೆಲದಷ್ಟು ಜಾಗವಾಗುವುದು. ಈ ಎಸಳುಗಳ ಮೂಲಕವೇ ಅನ್ನದ ಸಾರವು ರಕ್ತಕ್ಕೆ ಸೇರತಕ್ಕದ್ದು.

ನೀರಿನ ಲೆಕ್ಕವನ್ನು ಮಾಡಬೇಕಾದುದು ಇಲ್ಲಿಯೇ. ಬೆಳೆದ ಮನುಷ್ಯನು ದಿನವೊಂದಕ್ಕೆ ಅನ್ನಪಾನಗಳ ಮೂಲಕ ಸುಮಾರು ೨ ಲೀಟರು ನೀರನ್ನು ತೆಗೆದುಕೊಳ್ಳುತ್ತಾನೆ. ಆದರೆ ಲಾಲಾರಸ, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಇವೆಲ್ಲ ಸೇರಿ ಇನ್ನೂ ೬-೭ ಲೀಟರು ಅದೇ ನಾಳಕ್ಕೆ ಸುರಿಯುತ್ತವೆ. ಈ ನೀರೆಲ್ಲ ಎಲ್ಲಿಯದು? ರಕ್ತದಿಂದ ಪಡೆದ ಸಾಲ. ಅದರಲ್ಲಿ ಬಹುಪಾಲನ್ನು ಸಣ್ಣ ಕರುಳೂ, ಉಳಿದುದನ್ನು ದೊಡ್ಡ ಕರುಳೂ ಹೀರಿ ರಕ್ತಕ್ಕೆ ಹಿಂತಿರುಗಿಸುತ್ತವೆ. ಮಲದೊಡನೆ ಹೋಗುವುದು ೧೦೦-೨೦೦ ಮಿಲಿಲೀಟರು ಮಾತ್ರ. ಇಷ್ಟು ದೊಡ್ಡ ವ್ಯವಹಾರವನ್ನು ಇಷ್ಟು ಕಡಮೆ ನಷ್ಟದಲ್ಲಿ ನಡೆಸುವ ವರ್ತಕನನ್ನು ನಾವು ಪೇಟೆಯಲ್ಲಿ ಕಂಡಿಲ್ಲ.

ಭೇದಿಯಲ್ಲಿ ಕೆಡುವುದು ಈ ಲೆಕ್ಕವೇ. ಕಾಲರಾ ರೋಗದಲ್ಲಿ ಕ್ರಿಮಿಯ ವಿಷವು ಕರುಳಿನ ಗೋಡೆಯಿಂದ ಉಪ್ಪುನೀರನ್ನು ಎಡೆಬಿಡದೆ ಹೊರಡಿಸುತ್ತದೆ. ಹೋಗುತ್ತಿರುವುದು ಮಗು ಕುಡಿದ ನೀರಷ್ಟೇ ಅಲ್ಲ, ಅದರ ರಕ್ತದ ನೀರು. ಕುಡಿಸುವುದನ್ನು ನಿಲ್ಲಿಸಿದರೆ ಹೋಗುವುದು ನಿಲ್ಲದು; ಬರುವುದು ಮಾತ್ರ ನಿಲ್ಲುತ್ತದೆ.

ಹಾಗಾದರೆ ಕೆಟ್ಟ ಕರುಳು ನೀರನ್ನು ಹೀರಬಲ್ಲುದೆ? ಬರಿಯ ನೀರನ್ನು ಸಾಕಷ್ಟು ಹೀರದು. ಆದರೆ ಅದರ ಗೋಡೆಯಲ್ಲಿ ಒಂದು ವಿಶೇಷವಾದ ಬಾಗಿಲುಂಟು. ಅದರಲ್ಲಿ ಗ್ಲೂಕೋಸ್ ಸಕ್ಕರೆಯೂ ಉಪ್ಪಿನ ಅಂಶವಾದ ಸೋಡಿಯಮ್ಮೂ ಜೊತೆಯಾಗಿಯೇ ಒಳಕ್ಕೆ ಹೋಗತಕ್ಕವು, ನೀರು ಅವನ್ನು ಹಿಂಬಾಲಿಸತಕ್ಕದ್ದು. ಕಾಲರಾದಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. ಇದರ ಮರ್ಮವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ೧೯೬೦ರಲ್ಲಿ ಪ್ರಾಗ್ ನಗರದ ಸಭೆಯಲ್ಲಿ ಮಂಡಿಸಿದನು. ಕಲಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಇದಕ್ಕೂ ಮೊದಲೇ, ೧೯೫೩ರಲ್ಲಿ, ಉಪ್ಪು ಗ್ಲೂಕೋಸುಗಳ ನೀರನ್ನು ಕುಡಿಸಿ ಕಾಲರಾ ರೋಗಿಗಳನ್ನು ಉಪಚರಿಸಿದ ವಿಷಯವನ್ನು ಪ್ರಕಟಿಸಿದ್ದರು. ಆಗ ಹೆಚ್ಚು ಮಂದಿ ಕಿವಿಗೊಡಲಿಲ್ಲ. ೧೯೬೮ರಲ್ಲಿ ಢಾಕಾದ ಸಂಶೋಧಕರು ಅದನ್ನು ಕ್ರಮವಾಗಿ ಪರೀಕ್ಷಿಸಿ ತೋರಿಸಿದರು.

ಆದರೂ ರೋಗಿಯ ಮನೆಯವರ ಕೈಗೆ ಇದನ್ನು ಒಪ್ಪಿಸಬಹುದೆಂಬ ಧೈರ್ಯ ಬಂದುದು ೧೯೭೧ರ ಬಾಂಗ್ಲಾ ಯುದ್ಧದ ಕಾಲದಲ್ಲಿ. ಗಡಿಯ ಬನಗಾಂವಿನಲ್ಲಿ ನಿರಾಶ್ರಿತರು ಕಾಲರಾದಿಂದ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ಲವಣಜಲವು ಮುಗಿಯುತ್ತ ಬಂದಿತ್ತು. ಡಾಕ್ಟರ್ ದಿಲೀಪ ಮಹಲನಬೀಸರು ಕಲಕತ್ತೆಯಲ್ಲಿ ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ತೂಗಿಸಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ನಲ್ಲಿಯುಳ್ಳ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ತಾಯಂದಿರೂ ಒಡಹುಟ್ಟಿದವರೂ ಲೋಟಗಳಲ್ಲಿ ಹಿಡಿದು ರೋಗಿಗಳಿಗೆ ಕುಡಿಸಿದರು. ಅದಕ್ಕೆ ಮೊದಲು ನೂರಕ್ಕೆ ಸುಮಾರು ೩೦ರಷ್ಟಿದ್ದ ಸಾವು ಅವರ ಉಪಚಾರಕ್ಕೆ ಒಳಪಟ್ಟವರಲ್ಲಿ ನೂರಕ್ಕೆ ೪ಕ್ಕಿಂತ ಕೆಳಗಿಳಿಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಪ್ರಶಸ್ತಿಯು ಸಂದುದು ಮರುವರ್ಷ.

ಆ ಪೊಟ್ಟಣದ ತಿದ್ದಿದ ರೂಪವೇ ಈಗ ಔಷಧದ ಅಂಗಡಿಗಳಲ್ಲಿ ದೊರೆಯುವ ಓಆರ್‌ಎಸ್. ಅದನ್ನು ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಕರಗಿಸತಕ್ಕದ್ದು. ಪೊಟ್ಟಣ ಸಿಕ್ಕದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಟೀ ಚಮಚದಲ್ಲಿ ಸಮಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ; ಕೈಯಂದಾಜು ಬೇಡ. ಎರಡು ವರ್ಷದೊಳಗಿನ ಮಗುವಿಗೆ ಒಂದೊಂದು ಭೇದಿಯಾದ ಮೇಲೂ ೫೦ರಿಂದ ೧೦೦ ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು, ಚಮಚ ಚಮಚವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸುವುದು. ಕಲಸಿದ ನೀರು ಒಂದು ದಿನ ಕಳೆದರೆ ಚೆಲ್ಲಿಬಿಡಬೇಕು. ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಾಗಲಾರವು. ಅತಿಯಾದ ಸಕ್ಕರೆಯು ಕರುಳಿಗೆ ಇನ್ನಷ್ಟು ನೀರನ್ನು ಎಳೆಯುತ್ತದೆ.

ನಮ್ಮ ಹಳೆಯ ಉಪ್ಪುಗಂಜಿಯು ಈ ವಿಷಯದಲ್ಲಿ ಬಹಳ ಜಾಣತನದ್ದು. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಮೆಲ್ಲಗೆ ಗ್ಲೂಕೋಸಾಗಿ ಬಿಡುತ್ತ ಉಪ್ಪಿನ ಜೊತೆಗೆ ಅದೇ ಬಾಗಿಲನ್ನು ದಾಟುತ್ತದೆ. ನೀರು ಕೊಡಬೇಡವೆಂದ ಮನೆಯಲ್ಲಿಯೇ ಗಂಜಿ ಕಾಯಿಸುವ ಅಜ್ಜಿಯೊಬ್ಬಳಿದ್ದರೆ, ಆಕೆಯ ಮಾತೇ ನಡೆಯಲಿ. ಮೊಲೆಹಾಲನ್ನಂತೂ ನಿಲ್ಲಿಸಲೇಬಾರದು, ಆರು ತಿಂಗಳು ದಾಟಿದ ಮಗುವಿಗೆ ಮೆತ್ತನೆಯ ಅನ್ನವನ್ನೂ ಕೊಡುತ್ತಿರಬಹುದು. ಇದರ ಜೊತೆಗೆ ಸತುವಿನ ಮಾತ್ರೆಯನ್ನು ೧೦ರಿಂದ ೧೪ ದಿನ ಕೊಡುವಂತೆ ೨೦೦೪ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತಿದೆ. ಪ್ರಮಾಣವನ್ನು ವೈದ್ಯರಿಂದಲೋ ಆಶಾ ಕಾರ್ಯಕರ್ತೆಯಿಂದಲೋ ತಿಳಿದುಕೊಳ್ಳತಕ್ಕದ್ದು. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಟ್ಟಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ತಟ್ಟನೆ ಹಿಂತಿರುಗದೆ ಹಾಗೆಯೇ ನಿಂತರೆ, ಅಥವಾ ಮಗುವು ಕುಡಿಯಲಾರದಷ್ಟು ಮಂಕಾದರೆ ಆಸ್ಪತ್ರೆಗೆ ಒಯ್ಯುವುದರಲ್ಲಿ ತಡಮಾಡಬಾರದು. ಕುಡಿಯಬಲ್ಲ ಮಗುವಿಗೆ ದಾರಿಯುದ್ದಕ್ಕೂ ಆ ನೀರನ್ನು ಚಮಚದಿಂದ ಕುಡಿಸುತ್ತಲೇ ಹೋಗಬೇಕು.